ವಿಚ್ಛೇದನಕ್ಕೆ ಮಾತ್ರ ಉಳಿದ ಜ್ಯೂರಿ

ಭಾರತದಲ್ಲಿ ಜ್ಯೂರಿ ಪದ್ಧತಿ ಹೋಗಿ ಬಹಳ ಕಾಲವಾಯಿತು ಎಂದೇ ಎಲ್ಲರ ತಿಳಿವಳಿಕೆ. ಇದು ಬಹುಮಟ್ಟಿಗೆ ನಿಜ. ಆದರೆ ಕೊಲೆ, ಕಳವುಗಳ ವಿಚಾರಣೆಯಿಂದ ನಿರ್ಗಮಿಸಿದ ಜ್ಯೂರಿ ಒಂದು ಮೂಲೆಯಲ್ಲಿ ಉಳಿದುಕೊಂಡಿದೆ. ಅದು ಪಾರ್ಸಿ ದಂಪತಿಗಳ ವಿಚ್ಛೇದನದ ಮೊಕದ್ದಮೆ.

ಜ್ಯೂರಿಯ ಅಂತ್ಯದ ಮಾತು ಬಂದಾಗಲೆಲ್ಲ ನಾನಾವತಿ ಪ್ರಕರಣ ನೆನಪಾಗುತ್ತದೆ. ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆರೋಪ ಎದುರಿಸಿದ ನೌಕಾಪಡೆಯ ಈ ಅಧಿಕಾರಿಯನ್ನು ಮುಂಬಯಿಯ ಜ್ಯೂರಿ 1959ರಲ್ಲಿ 8-1 ಮತಗಳಿಂದ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ವಿಧಿಸಿದ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಜ್ಯೂರಿ ಹೋದದ್ದು ಈ ಒಂದೇ ಪ್ರಕರಣದಿಂದ ಎಂಬುದು ಜನಪ್ರಿಯ ನಂಬಿಕೆ. ವಾಸ್ತವವಾಗಿ ಕಾನೂನು ಆಯೋಗ 1958ರಲ್ಲೇ ಅದರ ರದ್ದತಿಗೆ ಶಿಫಾರಸು ಮಾಡಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಆದರೆ ಆ ಸಂಹಿತೆ ಅಪರಾಧ ಪ್ರಕರಣಗಳಿಗೆ ಸಂಬಂಧಿಸಿದ್ದು. ಪಾರ್ಸಿಗಳ ವಿವಾಹ ಕಾಯ್ದೆಯನ್ನು ಅದು ಮುಟ್ಟಲಿಲ್ಲ.

ಈ ಕಾಯ್ದೆಯ ಬೇರು 19ನೇ ಶತಮಾನದಲ್ಲಿದೆ. ಅದಕ್ಕೂ ಮೊದಲು ಮುಂಬಯಿಯ ಪಾರ್ಸಿ ಪಂಚಾಯ್ತಿಯೇ ಗಂಡ ಹೆಂಡಿರ ಜಗಳ ಬಗೆಹರಿಸುತ್ತಿತ್ತು. ಕಾಲಕ್ರಮೇಣ ಅದರ ಮಾತಿಗೆ ಬೆಲೆ ಕಡಿಮೆಯಾಯಿತು. ಬ್ರಿಟಿಷರ ನ್ಯಾಯಾಲಯಕ್ಕೆ ಹೋಗೋಣವೆಂದರೆ, ಮುಂಬಯಿಯ ಅಂದಿನ ಸುಪ್ರೀಂ ಕೋರ್ಟಿನ ಚರ್ಚ್ ವಿಭಾಗಕ್ಕೆ ಪಾರ್ಸಿಗಳ ದಾಂಪತ್ಯದ ಮೇಲೆ ಅಧಿಕಾರವಿಲ್ಲ ಎಂದು 1856ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಹೀಗೆ ಎರಡೂ ಬಾಗಿಲು ಮುಚ್ಚಿದಾಗ ಸಮುದಾಯದ ಮುಖಂಡರು ತಮ್ಮದೇ ಕಾನೂನಿಗೆ ಒತ್ತಾಯಿಸಿದರು. ಫಲವಾಗಿ 1865ರಲ್ಲಿ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯ್ದೆ ಬಂತು. ನ್ಯಾಯಾಧೀಶರು ಬ್ರಿಟಿಷರಾದರೂ ಪಕ್ಕದಲ್ಲಿ ಸಮುದಾಯದ ಹಿರಿಯರು ಕೂರಬೇಕೆಂಬುದು ಅದರ ಏರ್ಪಾಡು. ಹಳೆಯ ಪಂಚಾಯ್ತಿ ಕೋರ್ಟಿನೊಳಕ್ಕೆ ಬಂದು ಕುಳಿತಂತಾಯಿತು.

ಈಗ ಜಾರಿಯಲ್ಲಿರುವುದು 1936ರ ಕಾಯ್ದೆ. ಮುಂಬಯಿ, ಕೋಲ್ಕತ್ತ, ಚೆನ್ನೈಗಳಲ್ಲಿ ಪಾರ್ಸಿ ಮುಖ್ಯ ವೈವಾಹಿಕ ನ್ಯಾಯಾಲಯಗಳಿಗೂ ಬೇರೆಡೆ ಜಿಲ್ಲಾ ವೈವಾಹಿಕ ನ್ಯಾಯಾಲಯಗಳಿಗೂ ಅದು ಅವಕಾಶ ನೀಡುತ್ತದೆ. ನ್ಯಾಯಾಧೀಶರ ಜತೆ ಕೂರುವವರಿಗೆ ಕಾಯ್ದೆಯ ಭಾಷೆಯಲ್ಲಿ ಡೆಲಿಗೇಟ್ ಎಂದು ಹೆಸರು. ಅವರು ಪಾರ್ಸಿಗಳೇ ಆಗಿರಬೇಕು. ಸ್ಥಳೀಯ ಪಾರ್ಸಿಗಳ ಅಭಿಪ್ರಾಯ ಕೇಳಿ ರಾಜ್ಯ ಸರ್ಕಾರ ಅವರನ್ನು 10 ವರ್ಷಕ್ಕೆ ನೇಮಿಸುತ್ತದೆ. ಕಾನೂನಿನ ಪ್ರಶ್ನೆ ನ್ಯಾಯಾಧೀಶರದು. ಸಂಗತಿ ನಿಜವೋ ಸುಳ್ಳೋ ಎಂಬ ತೀರ್ಮಾನ ಡೆಲಿಗೇಟ್‌ಗಳ ಬಹುಮತದ್ದು. ಗಂಡ ಕ್ರೂರಿಯೇ, ಹೆಂಡತಿ ಮನೆ ಬಿಟ್ಟು ಹೋದದ್ದು ಹೌದೇ ಎಂಬುದನ್ನು ಹೇಳುವವರು ಅವರೇ.

1988ರ ತಿದ್ದುಪಡಿ ಇವರ ಸಂಖ್ಯೆಯನ್ನು 7ರಿಂದ 5ಕ್ಕೆ ಇಳಿಸಿತು. ಜೀವನಾಂಶ, ಮಕ್ಕಳ ಪಾಲನೆಯಂಥ ವಿಷಯಗಳನ್ನು ಅವರ ಕೈಯಿಂದ ತೆಗೆದು ನ್ಯಾಯಾಧೀಶರಿಗೆ ಒಪ್ಪಿಸಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ದಾರಿ ಮಾಡಿತು. ಹಿಂದೂಗಳಿಗೆ ಈ ಸೌಲಭ್ಯ 1976ರಲ್ಲೇ ದೊರೆತಿತ್ತು.

ಅಷ್ಟರಲ್ಲಿ ದೇಶದ ಉಳಿದವರಿಗೆ ಬೇರೆಯದೇ ಹಾದಿ ತೆರೆದಿತ್ತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದು ಸಾರಿತು. ಸಮಾಲೋಚಕರ ನೆರವನ್ನೂ ಒದಗಿಸಿತು. ಬೆಂಗಳೂರಿನಲ್ಲಿ 2007ರಲ್ಲಿ ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಮಧ್ಯಸ್ಥರು ತೀರ್ಪು ಕೊಡುವವರಲ್ಲ. ದಂಪತಿಗಳನ್ನು ಎದುರುಬದುರು ಕೂರಿಸಿ, ಬೇಕಾದರೆ ಪ್ರತ್ಯೇಕವಾಗಿಯೂ ಆಲಿಸಿ, ಅವರೇ ಒಂದು ಒಪ್ಪಂದಕ್ಕೆ ಬರುವಂತೆ ನೆರವಾಗುತ್ತಾರೆ. ಕೂಡಿ ಬಾಳಲಾಗದಿದ್ದರೂ ಕೆಸರೆರಚಾಟವಿಲ್ಲದೆ ಅಗಲಬಹುದು.

ಈ ವ್ಯತ್ಯಾಸವೇ ವಿವಾದದ ಮೂಲ. 2017ರಲ್ಲಿ ಪಾರ್ಸಿ ಮಹಿಳೆಯೊಬ್ಬರು ಡೆಲಿಗೇಟ್ ಪದ್ಧತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಇತರರಿಗೆ ಸಿಗುವ ಸಮಾಲೋಚನೆ, ಮಧ್ಯಸ್ಥಿಕೆಗಳ ಅನುಕೂಲ ತಮಗೇಕಿಲ್ಲ ಎಂಬುದು ಅವರ ವಾದದ ಒಂದು ಮುಖ್ಯ ಅಂಶ.

ಇದರ ಹಿಂದೆ ಇನ್ನೊಂದು ಸಂಕಟವಿದೆ. 2011ರ ಜನಗಣತಿಯಂತೆ ಭಾರತದ ಪಾರ್ಸಿಗಳು 57,264 ಮಂದಿ. 1941ರಲ್ಲಿ 1,14,890 ಮಂದಿ ಇದ್ದರು. ಇಷ್ಟು ಚಿಕ್ಕ ಸಮುದಾಯದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ಗುಪ್ತ ವಿಚಾರಣೆ ನಡೆಸಬೇಕೆಂದು ಕಾಯ್ದೆಯೇನೋ ಹೇಳುತ್ತದೆ. ಆದರೆ ಬಾಗಿಲು ಮುಚ್ಚಿದ ಮೇಲೂ ಐವರು ಡೆಲಿಗೇಟ್‌ಗಳು ಒಳಗೇ ಇರುತ್ತಾರೆ. ನಾಳೆ ಅಗ್ನಿ ಮಂದಿರದಲ್ಲೋ ಮದುವೆ ಮನೆಯಲ್ಲೋ ಎದುರಾಗಬಹುದಾದವರ ಮುಂದೆ ಮಲಗುವ ಕೋಣೆಯ ಮಾತು ಆಡುವುದು ಸುಲಭವಲ್ಲ.

ಪದ್ಧತಿಯನ್ನು ಸಮರ್ಥಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಸಮುದಾಯದ ನಡೆನುಡಿ ಅರಿತವರು ಸತ್ಯವನ್ನು ಬೇಗ ಗುರುತಿಸುತ್ತಾರೆ, ಅಲ್ಪಸಂಖ್ಯಾತರ ಗುರುತು ಉಳಿಯುತ್ತದೆ ಎಂಬುದು ಅವರ ನಿಲುವು. 1865ರಲ್ಲಿ ಪರಕೀಯ ನ್ಯಾಯಾಧೀಶರ ಮುಂದೆ ಇದು ಬಲವಾದ ರಕ್ಷಣೆಯೇ ಆಗಿತ್ತು. ಆದರೆ ತನ್ನವರಿಂದಲೇ ಮರೆ ಬಯಸುವ ಹೆಣ್ಣಿಗೆ ಆ ರಕ್ಷಣೆ ಎಷ್ಟರಮಟ್ಟಿಗೆ ಒದಗೀತು? ಸಮುದಾಯ ಉತ್ತರಿಸಬೇಕಾದ ಪ್ರಶ್ನೆ ಇದು.