ಅಂಗೈ ಮೇಲಿನ ಸರಸ್ವತಿ ಮತ್ತು ಅರವತ್ತು ಹುಡುಗಿಯರು

ದಸರಾ ರಜೆಗೆ ಊರಿಗೆ ಹೋಗಿದ್ದೆ. ನಾಲ್ಕು ದಿನ ಲ್ಯಾಪ್‌ಟಾಪ್ ಮುಟ್ಟಬಾರದು ಅಂತ ಶಪಥ ಮಾಡಿಕೊಂಡು ಹೋದವನಿಗೆ ಅಕ್ಕನ ಮಗಳು ಮೊದಲ ದಿನವೇ ಕೆಲಸ ಹಚ್ಚಿದಳು. ಅವಳದು ಆರನೇ ಕ್ಲಾಸು. ಸಮಾಜ ವಿಜ್ಞಾನ ಅಂತ ಒಂದು ಬೇರೆ ಪುಸ್ತಕ ಕೈಗೆ ಬಂದ ಮೊದಲ ವರ್ಷ. "ಹಿಂದಿನ ಕಾಲದ ಶಾಲೆ" ಅನ್ನೋ ವಿಷಯದ ಮೇಲೆ ಎರಡು ಪುಟ ಬರೆದುಕೊಂಡು ಬರಬೇಕು ಅಂತ ಟೀಚರ್ ಹೇಳಿದ್ದರಂತೆ.

"ಮಾಮಾ, ಹಳೇ ಕಾಲದಾಗ ಸಾಲಿ ಹೆಂಗಿದ್ವು?"

ಎಲ್ಲ ಗೊತ್ತಿರುವವನ ಹಾಗೆ "ಗುರುಕುಲ ಇತ್ತು, ಮರದ ಕೆಳಗೆ ಕೂತು..." ಅಂತ ಶುರು ಮಾಡಿದೆ. "ಅದು ರಾಮಾಯಣದಾಗಿಂದು. ನಮ್ಮೂರ ಕಡೀದು ಹೇಳು" ಅಂದಳು. ಅಲ್ಲಿಗೆ ನಾನು ಕ್ಲೀನ್ ಬೌಲ್ಡ್ :)

ನಮ್ಮೂರು ಹೊಸಪೇಟೆ ಹತ್ತಿರ. 2021ರಿಂದ ವಿಜಯನಗರ ಜಿಲ್ಲೆ, ಅದಕ್ಕೂ ಮೊದಲು ಬಳ್ಳಾರಿ. ಈ ಬಳ್ಳಾರಿ ಜಿಲ್ಲೆಯ ಶಾಲೆಗಳ ಬಗ್ಗೆ ಇನ್ನೂರು ವರ್ಷದ ಹಿಂದಿನ ಒಂದು ವರದಿ ಇದೆ ಅಂತ ಯಾವಾಗಲೋ ಓದಿದ ನೆನಪಿತ್ತು. ಶಪಥ ಮುರಿದು ಲ್ಯಾಪ್‌ಟಾಪ್ ತೆಗೆದೆ. ಹುಡುಕಿ ಓದುತ್ತಾ ಹೋದಂತೆ ಅವಳ ಪ್ರಾಜೆಕ್ಟಿಗಿಂತ ನನಗೇ ಹುಚ್ಚು ಹಿಡಿಯಿತು.

ಕಥೆ ಹೀಗಿದೆ. 1822ರ ಜೂನ್‌ನಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋಗೆ ಒಂದು ಪ್ರಶ್ನೆ ಬಂತು: ನಾವು ಆಳುತ್ತಿರುವ ಈ ಸೀಮೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಯಾವ ಯಾವ ಜಾತಿಯವರು? ಎಲ್ಲ ಕಲೆಕ್ಟರುಗಳಿಗೂ ಲೆಕ್ಕ ಕಳಿಸಲು ಆಜ್ಞೆ ಹೋಯಿತು. ಈ ಮನ್ರೋ ನಮ್ಮ ಭಾಗಕ್ಕೆ ಹೊಸಬನಲ್ಲ. 1800ರಲ್ಲಿ ನಿಜಾಮ ಈ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಏಳು ವರ್ಷ ಇಲ್ಲಿನ ಮುಖ್ಯ ಕಲೆಕ್ಟರ್ ಆಗಿದ್ದವನು.

ಬಹಳಷ್ಟು ಕಲೆಕ್ಟರುಗಳು ಕೋಷ್ಟಕ ತುಂಬಿಸಿ, ನಾಲ್ಕು ಮಾತು ಬರೆದು ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ಹಾಗೆ ಮಾಡಲಿಲ್ಲ. ಆತ ತೆಲುಗು ವ್ಯಾಕರಣ ಬರೆದಿದ್ದ ಮನುಷ್ಯ, ಭಾಷೆಯ ರುಚಿ ಇದ್ದವನು. 1823ರ ಆಗಸ್ಟ್ 17ರಂದು ಕಳಿಸಿದ ವರದಿಯಲ್ಲಿ ಮಗು ಶಾಲೆಗೆ ಸೇರುವಲ್ಲಿಂದ ಹಿಡಿದು ಬೆತ್ತದ ಏಟಿನವರೆಗೆ ಎಲ್ಲವನ್ನೂ ಬರೆದಿಟ್ಟ.

ಮೊದಲು ಲೆಕ್ಕ. ಜಿಲ್ಲೆಯ ಜನಸಂಖ್ಯೆ 9,27,857. (ಆಗಿನ ಬಳ್ಳಾರಿಯಲ್ಲಿ ಈಗಿನ ಅನಂತಪುರದ ಕಡೆಯೂ ಸೇರಿತ್ತು, ಅದು ಬೇರೆಯಾಗಿದ್ದು 1882ರಲ್ಲಿ.) ಶಾಲೆಗಳು 533. ಅದರಲ್ಲಿ ಕನ್ನಡ ಕಲಿಸುವವು 235, ತೆಲುಗು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು! ಇನ್ನು 23 ಕಡೆ ಬ್ರಾಹ್ಮಣರಿಗೆ ಮಾತ್ರ ಸಂಸ್ಕೃತದಲ್ಲಿ ಶಾಸ್ತ್ರಪಾಠ. ನಾನು ಇಂಜಿನಿಯರ್ ಬುದ್ಧಿಗೆ ಕೂಡಿಸಿ ನೋಡಿದೆ, ಸರಿಯಾಗಿ 533 ಬರುತ್ತೆ. 1823ರಲ್ಲಿ ಎಕ್ಸೆಲ್ ಇಲ್ಲದೆ :)

ಇನ್ನು ಶಾಲೆಯೊಳಗೆ ಹೋಗೋಣ.

ಮಗುವಿಗೆ ಐದು ವರ್ಷ ಆದಾಗ ಮೇಷ್ಟ್ರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಯುತ್ತಾರೆ. ಗಣಪತಿಯ ಸುತ್ತ ಎಲ್ಲರೂ ಕೂರುತ್ತಾರೆ. ಹೊಸ ಮಗು ಗಣಪನ ಎದುರಿಗೆ. ಮೇಷ್ಟ್ರು ಪಕ್ಕದಲ್ಲಿ ಕೂತು, ಬುದ್ಧಿ ಕೊಡಪ್ಪಾ ಅಂತ ಬೇಡಿಸಿ, ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಾರೆ. ಮಾರನೇ ದಿನದಿಂದ ಶಾಲೆ.

ಶಾಲೆ ತೆರೆಯೋದು ಬೆಳಿಗ್ಗೆ ಆರಕ್ಕೆ. ನನಗೆ ಅತ್ಯಂತ ಇಷ್ಟವಾದ ವಿವರ ಇಲ್ಲಿದೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ "ಸರಸ್ವತಿ" ಅಂತ ಬರೆಯುತ್ತಾರೆ. ಅದು ಮರ್ಯಾದೆ. ಎರಡನೆಯವನ ಅಂಗೈ ಮೇಲೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಬಂದವನಿಗೆಲ್ಲ ಒಂದೊಂದು ಹೆಚ್ಚು. ನಾನೇನಾದರೂ ಆ ಶಾಲೆಯಲ್ಲಿದ್ದಿದ್ದರೆ ದಿನಾ ಹತ್ತು ಏಟು ಗ್ಯಾರಂಟಿ. ಸೋಮಾರಿಗಳಿಗೆ ಶಿಕ್ಷೆ ಇನ್ನೂ ಘೋರ: ಎರಡೂ ಕೈ ಕಟ್ಟಿ ರಾಟೆ ಹಾಕಿ ಸೂರಿಗೆ ನೇತುಹಾಕೋದು, ಇಲ್ಲವೇ ಒಂದೇ ಸಮನೆ ಬಸ್ಕಿ ಹೊಡೆಸೋದು. ಹಳೇ ಕಾಲದ ಮೇಷ್ಟ್ರುಗಳು ದೇವರಂಥವರು ಅನ್ನುವ ಮೊದಲು ಇದನ್ನೂ ಒಮ್ಮೆ ನೆನೆಸಿಕೊಳ್ಳಬೇಕು.

ಆ ಶಾಲೆಯಲ್ಲಿ ಓದೋದಕ್ಕಿಂತ ಮೊದಲು ಬರೆಯೋದು. ನೆಲದ ಮೇಲೆ ಮರಳು ಹರಡಿ ಬೆರಳಿನಲ್ಲಿ ಅಕ್ಷರ ತಿದ್ದುತ್ತಲೇ ಅಕ್ಷರ ಕಲಿಯಬೇಕು. ಬೆರಳು ಪಳಗಿದ ಮೇಲೆ ಬಡ್ತಿ: ಓಲೆಗರಿಯ ಮೇಲೆ ಕಬ್ಬಿಣದ ಕಂಠ, ಕಾಗದದ ಮೇಲೆ ಲಾಳದ ಕಡ್ಡಿಯ ಲೇಖನಿ, ಇಲ್ಲವೇ ಹಲಗೆ ಅಥವಾ ಕಡತದ ಮೇಲೆ ಬಳಪ. ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಕೊನೆಯ ಎರಡೇ. ಹಲಗೆ ಅಂದರೆ ಮೂರಡಿ ಉದ್ದ, ಒಂದಡಿ ಅಗಲದ ಮರದ ತುಂಡು. ನಯ ಮಾಡಿ, ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ರೆಡಿ. ಕಡತ ಅಂದರೆ ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದದ್ದು. ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಇವತ್ತು ಸರ್ಕಾರಿ ಕಚೇರಿಯಲ್ಲಿ "ಕಡತ ವಿಲೇವಾರಿ" ಅಂತೀವಲ್ಲ, ಆ ಪದ ಒಂದು ಕಾಲಕ್ಕೆ ಶಾಲಾ ಮಕ್ಕಳ ಕಂಕುಳಲ್ಲಿತ್ತು!

ಅಕ್ಷರ ಆಯಿತು, ಒತ್ತಕ್ಷರ ಆಯಿತು, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು ಬರೆಯೋದು. ನಂತರ ಲೆಕ್ಕ. ಇಲ್ಲಿ ಮಜಾ ಇದೆ. ಭಿನ್ನರಾಶಿಗಳು ಈಗಿನ ಹಾಗೆ ಹತ್ತರಿಂದ ಇಳಿಯುತ್ತಿರಲಿಲ್ಲ, ನಾಲ್ಕರಿಂದ ಇಳಿಯುತ್ತಿದ್ದವು. ಒಂದರಲ್ಲಿ ನಾಲ್ಕನೇ ಒಂದು ಕಾಲು, ಅದರಲ್ಲಿ ನಾಲ್ಕನೇ ಒಂದು ವೀಸ, ಅದರಲ್ಲಿ ನಾಲ್ಕನೇ ಒಂದು ಕಾಣಿ. ಬೈನರಿ ಓದಿದವರಿಗೆ ಇದು ಎಷ್ಟು ಅನುಕೂಲದ್ದು ಅಂತ ಬೇರೆ ಹೇಳಬೇಕಿಲ್ಲ, ಅರ್ಧ ಮಾಡುತ್ತಾ ಹೋದರೆ ಆಯಿತು. ದಿನಕ್ಕೆರಡು ಸಲ ಮಕ್ಕಳು ಸಾಲಾಗಿ ನಿಂತು ಮಗ್ಗಿ, ಭಿನ್ನರಾಶಿ, ಅಳತೆ, ತೂಕ ಎಲ್ಲವನ್ನೂ ಒಕ್ಕೊರಲಿನಿಂದ ಹೇಳಬೇಕು.

ಹೇಳಿಕೊಡೋದು ಯಾರು? ದೊಡ್ಡ ಹುಡುಗರು ಚಿಕ್ಕವರಿಗೆ. ಮೇಷ್ಟ್ರು ಮೇಲಿನ ತರಗತಿ ನೋಡಿಕೊಳ್ಳುತ್ತಾ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ. ಈ ಪದ್ಧತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿತ್ತು. ಮದ್ರಾಸಿನ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಊರ ಮಕ್ಕಳು ಮರಳಲ್ಲಿ ಬರೆಯೋದನ್ನ ಕಂಡು ತನ್ನ ಶಾಲೆಗೂ ತಂದ. ಅಲ್ಲಿ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಅಲ್ಲಿ ಅದಕ್ಕೆ "ಮದ್ರಾಸ್ ಪದ್ಧತಿ" ಅಂತಲೇ ಹೆಸರು. ಕ್ಯಾಂಪ್‌ಬೆಲ್ ಕೂಡ ಇದನ್ನು ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಅಂತ ಬರೆದಿದ್ದಾನೆ.

ಓದಿಗೆ ರಾಮಾಯಣ, ಮಹಾಭಾರತ, ಭಾಗವತ. ಲಿಂಗಾಯತರ ಮಕ್ಕಳಿಗೆ ಜೊತೆಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣ. ಹಗುರಾಗಿ ಓದಲು ಪಂಚತಂತ್ರ. ವ್ಯಾಕರಣಕ್ಕೆ ನಮ್ಮ ಕೇಶಿರಾಜನ ಶಬ್ದಮಣಿದರ್ಪಣ! ಆದರೆ ಕ್ಯಾಂಪ್‌ಬೆಲ್ ಒಂದು ಕಹಿಮಾತನ್ನೂ ಸೇರಿಸುತ್ತಾನೆ. ಪದ್ಯದ ಭಾಷೆಯೇ ಬೇರೆ, ಮಾತಿನ ಭಾಷೆಯೇ ಬೇರೆ. ಹುಡುಗರು ರಾಶಿ ರಾಶಿ ಪದ್ಯ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿರುವಷ್ಟೇ. (ಹಳಗನ್ನಡ ಪದ್ಯ ಬಾಯಿಪಾಠ ಮಾಡಿ ಎಸೆಸೆಲ್ಸಿ ಪಾಸಾದ ನಾವು ಇಲ್ಲಿ ಸುಮ್ಮನಿರೋದು ಕ್ಷೇಮ.)

ಮತ್ತೆ ಸಮಾಜ ಪಾಠ? ಆ ಹೆಸರಿನ ಪಾಠ ಇರಲಿಲ್ಲ. ಆದರೆ ಮೇಷ್ಟ್ರು ಅಲ್ಲಿ ಇಲ್ಲಿಂದ ಕೂಡಿಹಾಕಿದ ಬೇರೆ ಬೇರೆ ಕೈಬರಹದ ಕಾಗದಗಳನ್ನು ಮುಂದಿಟ್ಟು ಓದಿಸುತ್ತಿದ್ದರು. ಪತ್ರ ಬರೆಸುತ್ತಿದ್ದರು. ಕರಾರು ಪತ್ರದ ಕರಡು ತಯಾರಿಸೋದನ್ನ ಕಲಿಸುತ್ತಿದ್ದರು. ಯೋಚಿಸಿ ನೋಡಿ, ಅದೇ ಅವರ ಸಮಾಜ ವಿಜ್ಞಾನ. ಸಾಲಪತ್ರದಲ್ಲಿ ಏನಿದೆ ಅಂತ ಓದಲು ಬಂದರೆ ಸಾಹುಕಾರ ಮೋಸ ಮಾಡೋದು ಕಷ್ಟ. ಶಾನುಭೋಗನ ಓಡುಬರಹ ಓದಲು ಬಂದರೆ ಹೊಲ ಉಳಿಯುತ್ತೆ.

ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಅಂಗೈ ಮೇಲಿನ ಸರಸ್ವತಿ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಥಟ್ಟನೆ ಕೇಳಿದಳು, "ಹುಡ್ಗೇರು ಎಷ್ಟು ಮಂದಿ ಇದ್ರು ಮಾಮಾ?"

ಕೋಷ್ಟಕ ನೋಡಿದೆ. ಒಟ್ಟು ಮಕ್ಕಳು 6,641. ಮುಸ್ಲಿಮರು 243, ಎಲ್ಲರೂ ಹುಡುಗರು. ಹಿಂದೂಗಳು 6,398, ಅದರಲ್ಲಿ ಹುಡುಗಿಯರು 60.

ಅರವತ್ತು! ಹತ್ತಿರ ಹತ್ತಿರ ಹತ್ತು ಲಕ್ಷ ಜನರಿದ್ದ ಜಿಲ್ಲೆಯಲ್ಲಿ. ಒಂಬತ್ತು ಶಾಲೆ ಸುತ್ತಿದರೆ ಒಬ್ಬಳು ಹುಡುಗಿ ಸಿಗಬಹುದು.

ಈ ವರದಿಯ ಬಗ್ಗೆ ದೊಡ್ಡ ಜಗಳವೇ ಇದೆ. 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ, ಬ್ರಿಟಿಷರು ಬಂದ ಮೇಲೆ ಭಾರತದಲ್ಲಿ ನಿರಕ್ಷರತೆ ಹೆಚ್ಚಾಯಿತು, ನಮ್ಮ ಶಿಕ್ಷಣವೆಂಬ ಸುಂದರ ಮರ ಒಣಗಿಹೋಯಿತು ಅಂದರು. ಫಿಲಿಪ್ ಹಾರ್ಟಾಗ್ ಎಂಬಾತ ಇಲ್ಲ ಅಂತ ವಾದಕ್ಕಿಳಿದ. 1983ರಲ್ಲಿ ಧರಂಪಾಲರು ಈ ದಾಖಲೆಗಳನ್ನೆಲ್ಲ ಒಟ್ಟುಮಾಡಿ, ಆ ಮರದ ಹೆಸರಲ್ಲೇ ಪುಸ್ತಕ ತಂದರು. ಇವತ್ತಿಗೂ ಒಂದು ಗುಂಪು "ಆಗ ಎಲ್ಲರೂ ಓದುತ್ತಿದ್ದರು" ಅನ್ನುತ್ತೆ, ಇನ್ನೊಂದು "ಬ್ರಿಟಿಷರು ಬರುವ ಮುಂಚೆ ಏನೂ ಇರಲಿಲ್ಲ" ಅನ್ನುತ್ತೆ.

ನನಗನ್ನಿಸಿದ್ದು, ಇಬ್ಬರೂ ಅರ್ಧರ್ಧ ವರದಿ ಓದಿದ್ದಾರೆ. ಏನೂ ಇರಲಿಲ್ಲ ಅನ್ನುವವರು ಆ 235 ಕನ್ನಡ ಶಾಲೆಗಳನ್ನು ನೋಡಬೇಕು. ಓದುತ್ತಿದ್ದ 6,338 ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಯವರು 1,174. ಅಕ್ಷರ ಬರೀ ಒಂದು ಜಾತಿಯ ಸೊತ್ತಾಗಿತ್ತು ಅನ್ನೋದು ಈ ಲೆಕ್ಕದ ಮುಂದೆ ನಿಲ್ಲೋದಿಲ್ಲ. ಎಲ್ಲರೂ ಓದುತ್ತಿದ್ದರು ಅನ್ನುವವರು ಸಾವಿರ ಜನಕ್ಕೆ ಏಳು ವಿದ್ಯಾರ್ಥಿಗಳು ಅನ್ನೋ ಸಾಲನ್ನೂ, ಆ 60ನ್ನೂ ನೋಡಬೇಕು. (ಮನೆಯಲ್ಲೇ ಕಲಿಯುತ್ತಿದ್ದವರು ಈ ಲೆಕ್ಕದಲ್ಲಿಲ್ಲ, ಅದೂ ನಿಜ.)

ಎರಡೂ ಗುಂಪು ಓದಬೇಕಾದ ಇನ್ನೊಂದು ಮಾತಿದೆ. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ, ಇರುವ ಕಡೆಯೂ ಉಳ್ಳವರ ಮಕ್ಕಳಷ್ಟೇ ಬರುತ್ತಾರೆ ಅನ್ನುತ್ತಾನೆ ಕ್ಯಾಂಪ್‌ಬೆಲ್. ಕಾರಣ ಬಡತನ. ಬಡತನಕ್ಕೆ ಕಾರಣಗಳಲ್ಲಿ ಒಂದು, ವಿಲಾಯಿತಿ ಬಟ್ಟೆ ಬಂದು ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದದ್ದು. ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಹೇಳಲು ನಾಚಿಕೆಯಾಗುತ್ತದೆ ಅಂತ ಆತ ತನ್ನ ಸರ್ಕಾರಕ್ಕೇ ಬರೆದ. ಒಬ್ಬ ನೌಕರ ಮೇಲಿನವರಿಗೆ ಹೀಗೆ ಬರೆಯೋದು ಆಗಲೂ ಸುಲಭವಿರಲಿಲ್ಲ, ಈಗಲೂ ಇಲ್ಲ.

ಅಲ್ಲೇ ಕೂತು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಮ್ಮಜ್ಜಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿ ಶಾಲೆಗೆ ಹೋದವಳಲ್ಲ. ಅವಳ ಅಣ್ಣ ಹೋದ, ಇವಳು ಎಮ್ಮೆ ಕಾಯ್ದಳು. ಬ್ಯಾಂಕಿನಲ್ಲಿ ಇವತ್ತಿಗೂ ಹೆಬ್ಬೆಟ್ಟು. ನಾನು ಕಾಲು, ವೀಸ, ಕಾಣಿ ಅಂದಾಗ ಮಾತ್ರ ತಲೆ ಎತ್ತಿ, "ಸೇರಿಗೆ ನಾಕು ಪಾವು, ಪಾವಿಗೆ ನಾಕು ಚಟಾಕು. ಅದಕ್ಯಾಕ ಸಾಲಿ ಬೇಕು?" ಅಂದಳು. ಅಕ್ಷರ ಬಾರದ ಅಜ್ಜಿಯ ತಲೆಯಲ್ಲಿ ಆ ಶಾಲೆಯ ನಾಲ್ಕರ ಲೆಕ್ಕ ಹಾಗೇ ಕೂತಿತ್ತು. ಕರಾರು ಪತ್ರ ಓದೋದು ಮಾತ್ರ ಯಾರೂ ಕಲಿಸಲಿಲ್ಲ. ತವರಿನ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ದಿನ ಅದರಲ್ಲಿ ಏನಿತ್ತು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅಕ್ಕನ ಮಗಳು ಎರಡು ಪುಟ ತಾನೇ ಬರೆದಳು. ಮೊದಲ ಸಾಲು ಸರಸ್ವತಿ ಬಗ್ಗೆ ಇರುತ್ತೆ ಅಂದುಕೊಂಡಿದ್ದೆ. ಇರಲಿಲ್ಲ. "ಹಿಂದಿನ ಕಾಲದ ಶಾಲೆಗೆ ನಾನು ಹೋಗಲು ಆಗುತ್ತಿರಲಿಲ್ಲ" ಅಂತ ಶುರು ಮಾಡಿದ್ದಳು. ನಾನು ಏನನ್ನೂ ತಿದ್ದಲಿಲ್ಲ.

ನಿಮ್ಮ ಊರುಗಳಲ್ಲೂ ಕೂಲಿ ಮಠ, ಐಗಳ ಮಠ ಅಂತ ಇದ್ದಿರುತ್ತವೆ. ಅಟ್ಟದ ಮೇಲೆ ಕಪ್ಪಗೆ, ಮಡಿಸಿದ ಬಟ್ಟೆಯಂಥದ್ದೇನಾದರೂ ಸಿಕ್ಕರೆ ದಯವಿಟ್ಟು ಹಳೇ ಸಾಮಾನಿನವನಿಗೆ ಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ. ಯಾರದೋ ಮನೆಪಾಠ ಇನ್ನೂ ಅದರ ಮೇಲೆ ಇರಬಹುದು.