ಎರಡು ಬ್ಲಾಕ್ ಉದ್ದದ ಶಾಸನ

ಡೌನ್‌ಟೌನ್ ಬರ್ಕ್ಲಿ ಬಾರ್ಟ್ ಸ್ಟೇಷನ್ನಿನಿಂದ ಮೇಲೆ ಬಂದು, ಶಾಟಕ್ ಅವೆನ್ಯೂ ಹಿಡಿದು ಯೂನಿವರ್ಸಿಟಿ ಅವೆನ್ಯೂ ಕಡೆಗೆ ನಡೆಯಿರಿ. ಶಾಟಕ್‌ಗೆ ಅಂಟಿಕೊಂಡ ಹಾಗೆ ಪಕ್ಕದಲ್ಲೇ ಇನ್ನೊಂದು ಪುಟ್ಟ ರಸ್ತೆ ಇದೆ. ಎರಡೇ ಎರಡು ಬ್ಲಾಕ್. ಫಲಕದ ಮೇಲೆ 'ಕಲಾ ಬಗಾಯ್ ವೇ' ಅಂತ ಬರೆದಿದೆ. ಮೊದಲ ಸಲ ನೋಡಿದಾಗ ನಾನು ಇದನ್ನು ಕನ್ನಡದ 'ಕಲಾ' ಅಂತಲೇ ಓದಿಕೊಂಡೆ. ಯಾರೋ ಚಿತ್ರಕಾರರ ಗಲ್ಲಿ ಇರಬೇಕು ಅಂದುಕೊಂಡು ಕಾಫಿ ಕುಡಿದು ವಾಪಸ್ ಬಂದೆ. ಅದೊಬ್ಬ ಹೆಂಗಸಿನ ಹೆಸರು, ಇದೇ ಊರು ಒಂದು ಕಾಲಕ್ಕೆ ಆಕೆಗೆ ಮನೆಯ ಬಾಗಿಲು ತೆರೆಯಲಿಲ್ಲ ಅನ್ನೋದು ಗೊತ್ತಾಗಿದ್ದು ಬಹಳ ಆಮೇಲೆ.

ಆಕೆಯ ಕಥೆಗೆ ಹೋಗುವ ಮುಂಚೆ, ನಿಮ್ಮಲ್ಲಿ ಹಲವರ ಮನೆಯ ಗೋಡೆ ಮೇಲೆ ಇರಬಹುದಾದ ಒಂದು ಕಾಗದದ ಬಗ್ಗೆ ಹೇಳ್ತೀನಿ.

ನಮ್ಮ ಸ್ನೇಹಿತರೊಬ್ಬರ ಮನೆಯ ಹಾಲಿನಲ್ಲಿ ಚಿನ್ನದ ಬಣ್ಣದ ಚೌಕಟ್ಟು ಹಾಕಿದ ಪತ್ರವೊಂದಿದೆ. ಮೇಲೆ ನಗರದ ಮುದ್ರೆ, ಕೆಳಗೆ ಮೇಯರ್ ಸಹಿ, ನಡುವೆ 'ವೇರ್‌ಆಸ್' ಎಂದು ಶುರುವಾಗುವ ಐದಾರು ಸಾಲು. ಕನ್ನಡ ಎರಡು ಸಾವಿರ ವರ್ಷದ ಭಾಷೆ, ಕನ್ನಡಿಗರು ಈ ಊರಿಗೆ ಕೊಡುಗೆ ಕೊಟ್ಟಿದ್ದಾರೆ, ಆದ್ದರಿಂದ ಈ ದಿನವನ್ನು ರಾಜ್ಯೋತ್ಸವ ದಿನ ಎಂದು ಘೋಷಿಸಿದೆ. ಇದಕ್ಕೆ ಪ್ರೊಕ್ಲಮೇಷನ್ ಅಂತಾರೆ. ಇಲ್ಲಿನ ಬಹುತೇಕ ಸಿಟಿ ಕೌನ್ಸಿಲ್‌ಗಳು ಸಭೆಯ ಆರಂಭದಲ್ಲೇ ಇಂಥ ಪತ್ರಗಳನ್ನು ಕೊಡುತ್ತವೆ. ಮೇಯರ್ ಓದ್ತಾರೆ, ಸೀರೆ ಉಟ್ಟವರು, ಪೇಟ ಸುತ್ತಿದವರು ಸಾಲಾಗಿ ನಿಲ್ತಾರೆ, ಫೋಟೋ ಆಗತ್ತೆ. ಸಾಮಾನ್ಯವಾಗಿ ಚರ್ಚೆಯೂ ಇಲ್ಲ, ಮತವೂ ಇಲ್ಲ.

ಕನ್ನಡ ಓದುವವರಿಗೆ ಈ ಕಾಗದ ಒಂದು ಹಳೆಯ ವಸ್ತುವನ್ನು ನೆನಪಿಸಬೇಕು. ಊರಿಗೆ ಹೋದಾಗ ಯಾವುದಾದರೂ ದೇವಸ್ಥಾನದ ಅಂಗಳದಲ್ಲಿ ನಿಂತಿರುವ ಶಾಸನದ ಕಲ್ಲು ನೋಡಿರ್ತೀರಿ. ಅದರಲ್ಲೂ ಒಂದು ಕ್ರಮವಿದೆ. ಬಹಳಷ್ಟು ಶಾಸನಗಳು 'ಸ್ವಸ್ತಿ' ಎಂದು ಶುರುವಾಗುತ್ತವೆ. ಮುಂದೆ ರಾಜನ ಬಿರುದುಗಳು, ಹೊಗಳಿಕೆ. ಈ ಭಾಗಕ್ಕೆ ವಿದ್ವಾಂಸರು ಕರೆಯುವ ಹೆಸರೇ 'ಪ್ರಶಸ್ತಿ'. ಈಗ ನಾವು ಅವಾರ್ಡಿಗೆ ಬಳಸುವ ಪದ ಅದೇ. ಆದರೆ ಕಲ್ಲನ್ನು ಕೆತ್ತಿಸುತ್ತಿದ್ದದ್ದು ಬರೀ ಹೊಗಳಿಕೆಗಾಗಿ ಅಲ್ಲ. ಅದಾದ ಮೇಲೆ ದಾನ ಬರತ್ತೆ: ಇಷ್ಟು ಗದ್ದೆ, ಇಂಥ ಕೆರೆಯ ಕೆಳಗೆ, ಇಂಥವರಿಗೆ. ಎಷ್ಟೋ ಕಡೆ ಸಾಕ್ಷಿಗಳ ಹೆಸರೂ ಇರುತ್ತವೆ. ಕೊನೆಯಲ್ಲಿ, ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಅನ್ನುವ ಶಾಪ.

ಪ್ರೊಕ್ಲಮೇಷನ್ ಅನ್ನೋದು ದಾನದ ಭಾಗವನ್ನು ಬಿಟ್ಟು ಕೆತ್ತಿದ ಶಾಸನ. ಪ್ರಶಸ್ತಿ ಇದೆ, ಗದ್ದೆ ಇಲ್ಲ. ಇದು ಗೇಲಿ ಅಲ್ಲ, ಆ ಪತ್ರ ಕೈಗೆ ಬಂದಾಗ ಖುಷಿಯಾಗುವುದು ಸಹಜ. ಆದರೆ ಸಿಟಿ ಕೌನ್ಸಿಲ್ ನಿಜವಾಗಿ ಕೊಡುವುದು ಅಥವಾ ಕಿತ್ತುಕೊಳ್ಳುವುದು ಬೇರೆ ಕಾಗದದಲ್ಲಿ: ಆರ್ಡಿನೆನ್ಸ್ ಮತ್ತು ರೆಸಲ್ಯೂಷನ್. ಇವೆರಡಕ್ಕೂ ಸದಸ್ಯರು ಮತ ಹಾಕಬೇಕು. ಏಷ್ಯಾದಿಂದ ಬಂದವರ ಮಟ್ಟಿಗೆ ಬೇ ಏರಿಯಾದ ಕೌನ್ಸಿಲ್‌ಗಳು ಬಹಳ ಕಾಲ ಕಿತ್ತುಕೊಳ್ಳುವ ಕೆಲಸವನ್ನೇ ಮಾಡಿದವು.

ಸ್ಯಾನ್ ಫ್ರಾನ್ಸಿಸ್ಕೋದ ಬೋರ್ಡ್ ಆಫ್ ಸೂಪರ್‌ವೈಸರ್ಸ್ 1880ರಲ್ಲಿ ಒಂದು ನಿಯಮ ತಂದಿತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಬೋರ್ಡಿನ ಪರವಾನಗಿ ಬೇಕು. ಓದಿದರೆ ಬೆಂಕಿ ಸುರಕ್ಷತೆಯ ಮಾತು. ಸುಮಾರು 200 ಚೀನೀಯರು ಅರ್ಜಿ ಹಾಕಿದರು, ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ ಸುಮಾರು 80 ಜನರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ನಿಯಮದ ಅಕ್ಷರ ಸರಿ ಇದ್ದರೂ ಅದನ್ನು ನಡೆಸಿದ ಕೈ ಸರಿ ಇಲ್ಲ ಅಂತ 1886ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಮರುವರ್ಷ ಸ್ಯಾನ್ ಹೋಸೆ. ಮಾರ್ಕೆಟ್ ಸ್ಟ್ರೀಟ್ ಮತ್ತು ಸ್ಯಾನ್ ಫರ್ನಾಂಡೋ ಸ್ಟ್ರೀಟ್ ಮೂಲೆಯಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದ ಚೈನಾಟೌನ್ ಇತ್ತು. 1887ರ ಮಾರ್ಚಿನಲ್ಲಿ ಕೌನ್ಸಿಲ್ ಅದನ್ನು ಸಾರ್ವಜನಿಕ ಉಪದ್ರವ ಎಂದು ಘೋಷಿಸಿತು. ಮೇ 4ರಂದು ಯಾರೋ ಬೆಂಕಿ ಇಟ್ಟರು. ಕೇರಿ ಪೂರ್ತಿ ಸುಟ್ಟುಹೋಯಿತು. ಆ ಜಾಗದಲ್ಲಿ ಈಗ ದೊಡ್ಡ ಹೋಟೆಲ್ ಇದೆ, ನೀವೂ ಯಾವುದಾದರೂ ಮದುವೆ ರಿಸೆಪ್ಷನ್ನಿಗೆ ಹೋಗಿರಬಹುದು. 2021ರ ಸೆಪ್ಟೆಂಬರಿನಲ್ಲಿ ಅದೇ ಕೌನ್ಸಿಲ್ ಅವಿರೋಧವಾಗಿ ಕ್ಷಮೆ ಕೇಳುವ ನಿರ್ಣಯ ಮಾಡಿತು. ನಡುವೆ 134 ವರ್ಷ. ಸ್ಯಾನ್ ಫ್ರಾನ್ಸಿಸ್ಕೋ ಕ್ಷಮೆ ಕೇಳಿದ್ದು ಇನ್ನೂ ತಡವಾಗಿ, 2022ರ ಫೆಬ್ರವರಿಯಲ್ಲಿ.

ಚೀನೀಯರ ಮೇಲೆ ಮೊದಲು ತಿರುಗಿದ ಆ ಸಿಟ್ಟು ಭಾರತದಿಂದ ಬಂದವರನ್ನೂ ಬಿಡಲಿಲ್ಲ. ಕಲಾ ಬಗಾಯ್ ಇಲ್ಲಿಗೆ ಬಂದಿಳಿದದ್ದು ಅಂಥ ಹೊತ್ತಿನಲ್ಲಿ.

1915ರ ಸೆಪ್ಟೆಂಬರ್. ಗಂಡ ವೈಷ್ಣೋ ದಾಸ್ ಬಗಾಯ್ ಪೆಶಾವರದವರು, ಅನುಕೂಲಸ್ಥರ ಮಗ, ಗದರ್ ಪಕ್ಷದ ಕಡೆಯವರು. ಬ್ರಿಟಿಷರ ಆಳ್ವಿಕೆಯಲ್ಲಿ ಇರಲಾರೆ ಅಂತ ಹೆಂಡತಿ, ಮೂವರು ಗಂಡುಮಕ್ಕಳ ಜೊತೆ ಹಡಗು ಹತ್ತಿದ್ದರು. ಏಂಜೆಲ್ ಐಲ್ಯಾಂಡಿನಲ್ಲಿ ಅಧಿಕಾರಿಗಳು ತಡೆದರು. ಕೈಯಲ್ಲಿ 25,000 ಡಾಲರ್ ಇದೆ ಅಂದಾಗ ಅವರಿಗೇ ಅಚ್ಚರಿ. ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಕಲಾ ಅವರ ಫೋಟೋ ಹಾಕಿ ಸುದ್ದಿ ಮಾಡಿತು. ಸುದ್ದಿ ಏನು ಗೊತ್ತಾ? ಅವರ ವಜ್ರದ ಮೂಗುತಿ. ಅದನ್ನು ಹೊಸ ಫ್ಯಾಷನ್ ಅಂತ ಬರೆದಿದ್ದರು.

ಅವರು ಬರ್ಕ್ಲಿಯಲ್ಲಿ ಒಂದು ಮನೆ ಕೊಂಡರು. ಸಾಮಾನು ತುಂಬಿಕೊಂಡು ಮಕ್ಕಳೊಂದಿಗೆ ಹೋಗಿ ನೋಡಿದರೆ, ಅಕ್ಕಪಕ್ಕದವರು ಆ ಮನೆಗೆ ಬೀಗ ಜಡಿದಿದ್ದರು. ಸ್ವಂತ ದುಡ್ಡಿನ ಮನೆ, ಒಳಗೆ ಹೋಗುವ ಹಾಗಿಲ್ಲ. ಮುಪ್ಪಿನಲ್ಲಿ ಕಲಾ ಈ ದಿನವನ್ನು ನೆನೆದು ಹೇಳಿದ ಮಾತು ದಾಖಲಾಗಿದೆ: ಇಂಥ ಕಡೆ ಇರುವುದು ಬೇಡ, ನನ್ನ ಮಕ್ಕಳಿಗೆ ಏನಾದರೂ ಮಾಡಿಯಾರು ಅಂತ ಆಕೆಯೇ ಗಂಡನಿಗೆ ಹೇಳಿದರಂತೆ. ಬಂದ ದಾರಿಯಲ್ಲೇ ಸ್ಯಾನ್ ಫ್ರಾನ್ಸಿಸ್ಕೋಗೆ ತಿರುಗಿದರು.

ಈ ಬೀಗ ಹಾಕಿದ್ದು ಕೌನ್ಸಿಲ್ ಅಲ್ಲ, ನೆರೆಹೊರೆ. ಆದರೆ 1916ರಲ್ಲಿ ಬರ್ಕ್ಲಿ ಕೌನ್ಸಿಲ್ ಒಂದು ವಲಯ ಕಾನೂನು ತಂದು ಎಲ್ಮ್‌ವುಡ್ ಬಡಾವಣೆಯಲ್ಲಿ ಒಂದು ಕುಟುಂಬದ ಮನೆಗಳಿಗೆ ಮಾತ್ರ ಅವಕಾಶ ಎಂದಿತು. ದೇಶದಲ್ಲೇ ಮೊದಲು ಅನ್ನಲಾಗುವ ಇಂಥ ನಿಯಮ ಇದು. ಬಣ್ಣದ ಮಾತು ಅದರಲ್ಲಿ ಇಲ್ಲ. ಕಪ್ಪು ಜನರನ್ನು, ಏಷ್ಯಾದವರನ್ನು ದೂರ ಇಡುವ ಉದ್ದೇಶ ಅದರ ಹಿಂದೆ ಇತ್ತು ಎಂದು ಈಗಿನ ಬರ್ಕ್ಲಿ ನಗರವೇ ಒಪ್ಪಿಕೊಳ್ಳುತ್ತೆ. 2021ರ ಫೆಬ್ರವರಿಯಲ್ಲಿ ಅಲ್ಲಿನ ಕೌನ್ಸಿಲ್ ಆ ಪದ್ಧತಿಯನ್ನು ಕೊನೆಗಾಣಿಸುವ ನಿರ್ಣಯಕ್ಕೆ ಮತ ಹಾಕಿತು. ನೆರೆಯವರ ಬೀಗ ಒಂದು ದಿನದ್ದು. ಕೌನ್ಸಿಲ್ಲಿನ ಬೀಗ ನೂರು ವರ್ಷಕ್ಕೂ ಹೆಚ್ಚು ನಿಂತಿತು.

ಬಗಾಯ್ ದಂಪತಿಗಳು ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಸ್ಟ್ರೀಟಿನಲ್ಲಿ 'ಬಗಾಯ್ಸ್ ಬಜಾರ್' ಅಂತ ಅಂಗಡಿ ಇಟ್ಟರು. 1921ರಲ್ಲಿ ವೈಷ್ಣೋ ದಾಸ್ ಅಮೆರಿಕದ ಪ್ರಜೆಯಾದರು. ಎರಡೇ ವರ್ಷಕ್ಕೆ, 1923ರ ಫೆಬ್ರವರಿಯಲ್ಲಿ, ಭಗತ್ ಸಿಂಗ್ ಥಿಂಡ್ ಮೊಕದ್ದಮೆಯ ತೀರ್ಪು ಬಂತು. ಭಾರತದಿಂದ ಬಂದವರು ಪ್ರಜೆಯಾಗಲು 'ಬಿಳಿಯ' ಎನಿಸಿಕೊಳ್ಳಬೇಕಿದ್ದ ಕಾಲ. ಅಮೆರಿಕದ ಸೈನ್ಯದಲ್ಲಿದ್ದ ಥಿಂಡ್, ತಾನು ಆರ್ಯ, ಮೇಲ್ಜಾತಿಯವನು, ಆದ್ದರಿಂದ ಬಿಳಿಯ ಎಂದು ವಾದಿಸಿದ್ದರು. (ಈ ವಾದವನ್ನು ನಾವು ಇನ್ನೊಂದು ಸಲ ಮೆಲ್ಲಗೆ ಓದಿಕೊಳ್ಳಬೇಕು. ಹೊಸ ದೇಶದ ಬಾಗಿಲು ತೆರೆಯೋಕೆ ಹಳೆಯ ದೇಶದ ಜಾತಿಯನ್ನೇ ಕೀಲಿಯಾಗಿ ಎತ್ತಿಕೊಂಡದ್ದು.) ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಎಂದಿತು ಕೋರ್ಟು, ಅವಿರೋಧವಾಗಿ.

ಆಗಲೇ ಪ್ರಜೆಗಳಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನೂ ಸರ್ಕಾರ ಹಿಂದಕ್ಕೆ ಪಡೆಯಿತು. ಅವರಲ್ಲಿ ವೈಷ್ಣೋ ದಾಸ್ ಒಬ್ಬರು. ಪ್ರಜೆಯಾಗಲು ಅರ್ಹತೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ನೆಲದ ಒಡೆಯರಾಗುವ ಹಾಗಿರಲಿಲ್ಲ. ಮನೆ, ಅಂಗಡಿ ಕೈಬಿಟ್ಟವು. ಭಾರತಕ್ಕೆ ಒಮ್ಮೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ತಗೊಳ್ಳಿ ಅಂದರು. ಯಾರಿಂದ ತಪ್ಪಿಸಿಕೊಂಡು ಬಂದಿದ್ದರೋ ಅವರದ್ದೇ. 1928ರ ಮಾರ್ಚಿನಲ್ಲಿ ಅವರು ಸ್ಯಾನ್ ಹೋಸೆಯಲ್ಲಿ ಒಂದು ಕೋಣೆ ಹಿಡಿದು ಪ್ರಾಣ ಕಳೆದುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋ ಎಕ್ಸಾಮಿನರ್ ಪತ್ರಿಕೆಗೆ ಬಿಟ್ಟುಹೋದ ಕಾಗದದಲ್ಲಿ, ಹಾಗಾದರೆ ಈಗ ನಾನು ಯಾರು ಎಂದು ಕೇಳಿದ್ದರು.

ಕಲಾ ಉಳಿದರು. ರಾತ್ರಿಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು, ಮೂವರು ಮಕ್ಕಳನ್ನೂ ಓದಿಸಿದರು, ಮತ್ತೆ ಮದುವೆಯಾದರು, ಲಾಸ್ ಏಂಜಲಿಸ್‌ಗೆ ಹೋದರು. 1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ದಾರಿ ತೆರೆದ ಮೇಲೆ ಅಮೆರಿಕದ ಪ್ರಜೆಯೂ ಆದರು. ಹೊಸದಾಗಿ ಬಂದ ಭಾರತೀಯರನ್ನು ಮನೆಗೆ ಕರೆದು ಊಟ ಹಾಕುತ್ತಿದ್ದ ಹಿರಿಯರು ಅಂತ ಅಲ್ಲಿನ ಜನ ನೆನೆಸಿಕೊಳ್ಳುತ್ತಾರೆ. ತೀರಿಕೊಂಡದ್ದು 1983ರಲ್ಲಿ.

ಹಾಗಾದರೆ ಬರ್ಕ್ಲಿಯಲ್ಲಿ ಅವರ ಹೆಸರು ಹೇಗೆ ಬಂತು? ಯಾರಿಗೋ ಒಂದು ದಿನ ಪಶ್ಚಾತ್ತಾಪವಾಗಿ ಅಲ್ಲ. ಟ್ರಾಫಿಕ್ ಸಮಸ್ಯೆಯಿಂದ! ಡೌನ್‌ಟೌನಿನಲ್ಲಿ ಶಾಟಕ್ ಅವೆನ್ಯೂ ಎರಡಾಗಿ ಒಡೆದು ಹೋಗಿಬರುವ ವಾಹನಗಳಿಗೆ ಬೇರೆ ಬೇರೆ ಕವಲು ಇದ್ದವು. ನಗರದವರು ಪಶ್ಚಿಮದ ಕವಲನ್ನೇ ಎರಡೂ ದಿಕ್ಕಿಗೆ ತೆರೆದರು. ಪೂರ್ವದ ತುಂಡು ಬೇರೆಯಾಗಿ ಉಳಿಯಿತು. ಅದಕ್ಕೂ ಶಾಟಕ್ ಅಂತಲೇ ಕರೆದರೆ ಜನ ಗೊಂದಲಕ್ಕೆ ಬೀಳ್ತಾರೆ, ಹೊಸ ಹೆಸರು ಬೇಕು. ನಗರ ಸಾರ್ವಜನಿಕರಿಂದ ಸಲಹೆ ಕೇಳಿತು.

ಬರ್ಕ್ಲಿಯಲ್ಲಿ ವರ್ಷಗಳಿಂದ ದಕ್ಷಿಣ ಏಷ್ಯಾದವರ ಇತಿಹಾಸದ ಕಾಲ್ನಡಿಗೆ ಪ್ರವಾಸ ನಡೆಸುತ್ತಿದ್ದ ಗುಂಪೊಂದಿದೆ. ಬಗಾಯ್ ಕಥೆ ಅವರಿಗೆ ಬಾಯಿಪಾಠ. ಅವರು, ಅವರ ಜೊತೆಯವರು ಈ ಹೆಸರನ್ನು ಮುಂದಿಟ್ಟು ಪತ್ರ ಬರೆದರು, ಬರೆಸಿದರು, ಸಮಿತಿಯ ಸಭೆಗಳಿಗೆ ಹೋಗಿ ಮಾತಾಡಿದರು. 2020ರ ಸೆಪ್ಟೆಂಬರಿನಲ್ಲಿ ವಿಷಯ ಕೌನ್ಸಿಲ್ ಮುಂದೆ ಬಂತು. ಕೋವಿಡ್ ಕಾಲ, ಸಭೆ ನಡೆದದ್ದು ಜೂಮ್‌ನಲ್ಲಿ. ಹೆಸರಿಗೆ ಒಪ್ಪಿಗೆ ಸಿಕ್ಕಿತು. ಕಲಾ ಬಗಾಯ್ ಈ ದೇಶಕ್ಕೆ ಬಂದಿಳಿದು ಆಗ 105 ವರ್ಷ. ನನ್ನ ಲೆಕ್ಕದಲ್ಲಿ ಇದು ದಾನ ಇರುವ ಶಾಸನ: ಎರಡು ಬ್ಲಾಕ್ ನೆಲ, ಸಾಕ್ಷಿಗಳು ಕೂಡ ಇದ್ದಾರೆ.

ಅದೇ ತಿಂಗಳು ನಮ್ಮ ಬೆಂಗಳೂರಿನಲ್ಲಿ ಏನಾಗುತ್ತಿತ್ತು ಗೊತ್ತಾ? 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗುವ ತನಕ, ಐದು ವರ್ಷ, ಅಷ್ಟು ದೊಡ್ಡ ಊರಿಗೆ ಆಯ್ಕೆಯಾದ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ರಸ್ತೆಗಳಿಗೆ ಹೆಸರೇನೋ ಬಂದವು. 2023ರ ಫೆಬ್ರವರಿಯಲ್ಲಿ ರಿಂಗ್ ರಸ್ತೆಯ ಉದ್ದನೆಯ ಭಾಗವೊಂದಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಿಟ್ಟಾಗ ಊರಿಗೆ ಊರೇ ಸಂಭ್ರಮಿಸಿತು, ನಾನೂ ಇಲ್ಲಿ ಕೂತು ವಿಡಿಯೋ ನೋಡಿ ಕಣ್ಣೊರೆಸಿಕೊಂಡೆ. ಆದರೆ ಮನೆ ಮುಂದಿನ ಚರಂಡಿ ಬಗ್ಗೆ ಸಭೆಯಲ್ಲಿ ಕೇಳೋಣ ಅಂದರೆ ಸಭೆಯೇ ಇರಲಿಲ್ಲ.

ಕಲಾ ಬಗಾಯ್ ನಮ್ಮವರಾ? ಈ ಪ್ರಶ್ನೆ ನಿಮ್ಮ ಮನಸ್ಸಿಗೂ ಬಂದಿರಬಹುದು. ಹುಟ್ಟಿದ್ದು ಅಮೃತಸರ, ಕನ್ನಡದ ಸೋಂಕೂ ಇಲ್ಲ. ಕನ್ನಡಿಗರು ಇಲ್ಲಿಗೆ ಗುಂಪಾಗಿ ಬಂದದ್ದು 1965ರ ವಲಸೆ ಕಾಯ್ದೆಯ ನಂತರ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಶುರುವಾದದ್ದು 1973ರಲ್ಲಿ. ಬೀಗ ಮುರಿದು ಬಾಗಿಲು ತೆಗೆದ ಮೇಲೆ ಒಳಗೆ ಬಂದವರು ನಾವು. ಮುರಿದವರ ಹೆಸರು ತಿಳಿದಿರಬೇಕು ಅಂತ ನನಗನ್ನಿಸುತ್ತೆ, ಅವರ ಮಾತೃಭಾಷೆ ಯಾವುದಾದರೂ ಇರಲಿ.

ಮತ್ತೆ ಆ ಚೌಕಟ್ಟಿನ ಪತ್ರದ ವಿಚಾರ. ಕಳೆದ ಸಲ ಊಟಕ್ಕೆ ಹೋದಾಗ ಸ್ನೇಹಿತರನ್ನು ಕೇಳಿದೆ: "ಆವತ್ತು ನಿಮ್ಮ ಪ್ರೊಕ್ಲಮೇಷನ್ ಆದ ಮೇಲೆ ಸಭೆಯಲ್ಲಿ ಏನು ಚರ್ಚೆ ಆಯ್ತು?"

ಅವರು ನಕ್ಕರು. "ಯಾರಿಗೆ ಗೊತ್ತು ಮಾರಾಯ್ರೆ, ಫೋಟೋ ಆದ ತಕ್ಷಣ ಎಲ್ಲ ಹೊರಟ್ವಿ. ಮಕ್ಕಳಿಗೆ ಹಸಿವಾಗಿತ್ತು."

ಅವರ ಹೈಸ್ಕೂಲು ಓದುವ ಮಗಳು ಅಲ್ಲೇ ಕೂತು ಫೋನ್ ನೋಡ್ತಾ ಇದ್ದಳು. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಪ್ರಕಟಿಸಬೇಕು, ಯಾರು ಬೇಕಾದರೂ ಎದ್ದು ಮಾತಾಡಬಹುದು, ವಯಸ್ಸಿನ ಮಿತಿ ಇಲ್ಲ ಅಂತ ಹೇಳಿದೆ. ಎರಡು ನಿಮಿಷ ಬಿಟ್ಟು ಅವಳು ತಲೆಯೆತ್ತಿದಳು. "ಅಂಕಲ್, ಮುಂದಿನ ಮಂಗಳವಾರದ್ದು ಸಿಕ್ತು. ಏಳನೇ ಐಟಂ ನಮ್ಮ ಲೈಬ್ರರಿ ಟೈಮಿಂಗ್ ಕಡಿಮೆ ಮಾಡೋದು."