600 ರೂಬಲ್‌ಗಳ ಋಣ: ವೈದ್ಯಕೀಯ ಚಿತ್ರಣದ ಆದಿಯುಗದಲ್ಲಿ ವಿದ್ಯಾದತ್ತಿಗಳು

ವಿಜ್ಞಾನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶೋಧಗಳ ಕಾಲಾನುಕ್ರಮವನ್ನು ಹಿಡಿದು ಸಾಗುತ್ತಾರೆ. ಯಾರು, ಯಾವ ವರ್ಷದಲ್ಲಿ, ಯಾವ ಪ್ರಯೋಗಶಾಲೆಯಲ್ಲಿ ಏನನ್ನು ಕಂಡುಹಿಡಿದರು ಎಂಬುದೇ ಅವರ ಮುಖ್ಯ ಪ್ರಶ್ನೆ. ಆ ವರ್ಷ ಆ ಶೋಧಕನು ಯಾರ ಅನ್ನವನ್ನು ಉಂಡನು, ಅವನ ಕೊಠಡಿಯ ಬಾಡಿಗೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯು ಅಡಿಟಿಪ್ಪಣಿಯವರೆಗೆ ಏರುವುದೂ ಅಪೂರ್ವ. ಆದರೆ ವಾರಾನ್ನದಿಂದ ಓದಿ ಮುಂದೆ ಬಂದವರ ಕಥೆಗಳನ್ನು ಕೇಳಿ ಬೆಳೆದ ನಮ್ಮ ಓದುಗರಿಗೆ ಈ ಪ್ರಶ್ನೆ ಕ್ಷುಲ್ಲಕವಾಗಿ ತೋರಲಾರದು. ದೇಹವನ್ನು ಕೊಯ್ಯದೆ ಅದರ ಒಳಭಾಗವನ್ನು ಕಾಣುವ ವಿದ್ಯೆಗೆ, ಎಂದರೆ ಇಂದು ವೈದ್ಯಕೀಯ ಚಿತ್ರಣವೆಂದು ಕರೆಯಲ್ಪಡುವ ಶಾಸ್ತ್ರಕ್ಕೆ, ಅದರ ಆದಿಕಾಲದಲ್ಲಿ ದಾನಿಗಳ ನೆರವು ಯಾವ ರೂಪದಲ್ಲಿ ಒದಗಿತು, ಅದರಲ್ಲಿ ಯಾವ ಬಗೆಯ ನೆರವು ಹೆಚ್ಚು ಫಲ ನೀಡಿತು ಎಂಬುದನ್ನು ಮೇರಿ ಕ್ಯೂರಿ ಮತ್ತು ಆಕೆಯ ಪ್ರಯೋಗಶಾಲೆಯ ನಿದರ್ಶನದಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

1

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಂಟ್ಜೆನ್ ಕ್ಷ-ಕಿರಣಗಳನ್ನು ಕಂಡನು. ಡಿಸೆಂಬರ್ 22ರಂದು ಆತನು ತನ್ನ ಪತ್ನಿಯ ಕೈಯ ಮೂಳೆಗಳ ಚಿತ್ರವನ್ನು ತೆಗೆದನು. ಈ ಶೋಧದ ಮೇಲೆ ಆತನು ಯಾವ ಏಕಸ್ವಾಮ್ಯದ ಹಕ್ಕನ್ನೂ ಪಡೆಯಲಿಲ್ಲ. 1901ರಲ್ಲಿ ಭೌತವಿಜ್ಞಾನದ ಪ್ರಥಮ ನೊಬೆಲ್ ಬಹುಮಾನ ಆತನಿಗೆ ಬಂದಾಗ ಅದರ ಹಣವನ್ನು ತನ್ನ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟನು. ಹೀಗೆ ಈ ವಿದ್ಯೆಯ ಮೂಲದಲ್ಲಿಯೇ ದಾನದ ಒಂದು ಅಂಶವಿದೆ. ಆದರೆ ರಂಟ್ಜೆನ್ ಆಗ ಐವತ್ತು ವರ್ಷ ವಯಸ್ಸಿನ, ಪೀಠವುಳ್ಳ, ಸಂಬಳವುಳ್ಳ ಪ್ರಾಧ್ಯಾಪಕ. ಕೊಡುವ ಶಕ್ತಿ ಆತನಿಗಿತ್ತು. ಪೀಠವೂ ಸಂಬಳವೂ ಇಲ್ಲದ ತರುಣರ ಗತಿಯೇನು?

ಇದಕ್ಕೆ ಎರಡು ವರ್ಷಗಳ ಹಿಂದೆ, 1893ರಲ್ಲಿ, ಪ್ಯಾರಿಸ್ಸಿನ ಸೊರ್ಬಾನ್ ವಿದ್ಯಾಲಯದಲ್ಲಿ ಮರಿಯಾ ಸ್ಕ್ಲೊಡೋವ್ಸ್ಕಾ ಎಂಬ ಪೋಲೆಂಡಿನ ಯುವತಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ತೇರ್ಗಡೆಯಾದಳು. ಈಕೆಯೇ ಮುಂದೆ ಮೇರಿ ಕ್ಯೂರಿ. ಪರರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದ ಬಲದಿಂದ 1891ರಲ್ಲಿ ಪ್ಯಾರಿಸ್ಸಿಗೆ ಬಂದಿದ್ದಳು. ಆ ಹಣ ತೀರಿತ್ತು. ಬೇಸಿಗೆಯ ರಜೆಗೆ ವಾರ್ಸಾ ನಗರಕ್ಕೆ ಹಿಂದಿರುಗಿದವಳು ಮತ್ತೆ ಬರುವುದು ಸಂದೇಹವಾಗಿತ್ತು. ಆಗ ಡಿಡಿನ್ಸ್ಕಾ ಎಂಬ ಗೆಳತಿಯ ಪ್ರಯತ್ನದಿಂದ ಆಕೆಗೆ ಅಲೆಕ್ಸಾಂಡ್ರೋವಿಚ್ ವಿದ್ಯಾರ್ಥಿವೇತನ ದೊರೆಯಿತು. ವಿದೇಶದಲ್ಲಿ ವ್ಯಾಸಂಗವನ್ನು ಮುಂದುವರಿಸಬಯಸುವ ಯೋಗ್ಯರಿಗೆಂದು ಇದ್ದ ಆ ವೇತನದ ಮೊತ್ತ 600 ರೂಬಲ್. ಕೈಬಿಗಿಹಿಡಿದು ಬಾಳುವವರಿಗೆ ಒಂದು ವರ್ಷಕ್ಕೂ ಮಿಕ್ಕು ಸಾಲುವಷ್ಟು ಹಣ. ಅದರಿಂದಲೇ ಆಕೆ ಪ್ಯಾರಿಸ್ಸಿಗೆ ಮರಳಿ, 1894ರಲ್ಲಿ ಗಣಿತದ ಪದವಿಯನ್ನೂ ಪಡೆದಳು.

ಅದೇ ವರ್ಷ ರಾಷ್ಟ್ರೀಯ ಉದ್ಯಮಗಳ ಪ್ರೋತ್ಸಾಹಕ ಸಂಘವು ಉಕ್ಕುಗಳ ಕಾಂತಗುಣವನ್ನು ಪರೀಕ್ಷಿಸುವ ಕೆಲಸವನ್ನು ಆಕೆಗೆ ಒಪ್ಪಿಸಿತು. ಆ ಕೆಲಸಕ್ಕೆ ಸ್ಥಳ ಹುಡುಕುತ್ತಿದ್ದಾಗಲೇ ಪಿಯರ್ ಕ್ಯೂರಿಯ ಪರಿಚಯವಾಯಿತು. ಈ ಸಂಪಾದನೆಯಿಂದ ಉಳಿಸಿದ ಹಣದಲ್ಲಿ ಆಕೆ 600 ರೂಬಲ್‌ಗಳನ್ನು ವೇತನನಿಧಿಗೆ ಹಿಂದಿರುಗಿಸಿದಳು. ಕೊಟ್ಟದ್ದು ಸಾಲವಲ್ಲ, ಹಿಂದಿರುಗಿಸಬೇಕೆಂಬ ನಿಯಮವೂ ಇರಲಿಲ್ಲ. ನಿಧಿಯ ಕಾರ್ಯದರ್ಶಿಯೇ ಬೆರಗಾದನೆಂದು ಮಗಳು ಈವ್ ಕ್ಯೂರಿ ತಾಯಿಯ ಜೀವನಚರಿತ್ರೆಯಲ್ಲಿ ಹೇಳಿದ್ದಾಳೆ. ತನಗೆ ಬಂದ ಹಣ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಸಲ್ಲತಕ್ಕದ್ದು ಎಂಬ ಭಾವನೆ ಆಕೆಯದು. ನಮ್ಮಲ್ಲಿ ಋಣವೆಂಬ ಮಾತಿಗೆ ಇರುವ ಅರ್ಥ ಇದಕ್ಕಿಂತ ಬೇರೆಯಲ್ಲ.

ಇಲ್ಲಿ ಕಾಲವನ್ನು ವಿಶೇಷವಾಗಿ ಗಮನಿಸಬೇಕು. 1893ರಲ್ಲಿ ಕ್ಷ-ಕಿರಣ ಯಾರಿಗೂ ತಿಳಿದಿರಲಿಲ್ಲ. ವಿಕಿರಣಶೀಲತೆ ಎಂಬ ಮಾತೇ ಹುಟ್ಟಿರಲಿಲ್ಲ. ಆ ನಿಧಿಯವರು ಇಂತಹದೇ ವಿಷಯಕ್ಕೆ ಎಂದು ಹಣವನ್ನು ಕಟ್ಟಿಹಾಕಿದ್ದರೆ, ಆ ವಿಷಯದ ಪಟ್ಟಿಯಲ್ಲಿ ಮುಂದೆ ಬರಲಿದ್ದ ಯಾವುದೂ ಇರಲು ಸಾಧ್ಯವಿರಲಿಲ್ಲ. ಅವರು ವಿಷಯಕ್ಕೆ ಕೊಡಲಿಲ್ಲ, ವ್ಯಕ್ತಿಗೆ ಕೊಟ್ಟರು.

2

ಎರಡನೆಯ ಬಗೆಯ ದಾನ 1907ರ ವೇಳೆಗೆ ಬಂದಿತು. 1906ರ ಏಪ್ರಿಲ್‌ನಲ್ಲಿ ಪಿಯರ್ ಕ್ಯೂರಿ ರಸ್ತೆಯ ಅಪಘಾತದಲ್ಲಿ ಮೃತನಾದ ಮೇಲೆ ಆತನ ಬೋಧನಸ್ಥಾನ ಮೇರಿ ಕ್ಯೂರಿಗೆ ಬಂದಿತ್ತು. ಪ್ರಯೋಗಶಾಲೆ ಕಿರಿದು, ಸಹಾಯಕರು ಕೆಲವರೇ. ಅಮೆರಿಕದ ಉಕ್ಕಿನ ವ್ಯಾಪಾರದಲ್ಲಿ ಅಪಾರ ಐಶ್ವರ್ಯ ಗಳಿಸಿದ್ದ ಆಂಡ್ರ್ಯೂ ಕಾರ್ನೆಗಿ ಆಕೆಯ ಪ್ರಯೋಗಶಾಲೆಯಲ್ಲಿ ಸಂಶೋಧಕರ ವೇತನಗಳಿಗೆಂದು 50,000 ಡಾಲರುಗಳ ದತ್ತಿಯನ್ನು ಸ್ಥಾಪಿಸಿದನು. ಈ ಹಣದಿಂದ ಕಟ್ಟಡ ಏಳಲಿಲ್ಲ, ಯಂತ್ರ ಬರಲಿಲ್ಲ. ಕೆಲಸಗಾರರು ಬಂದರು.

ಅವರಲ್ಲಿ ವಿಲಿಯಂ ಡ್ಯುವೇನ್ ಒಬ್ಬ. ಕೊಲರಾಡೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಥಾನವನ್ನು ಬಿಟ್ಟು 1907ರಲ್ಲಿ ಪ್ಯಾರಿಸ್ಸಿಗೆ ಬಂದ ಈತನು ಕಾರ್ನೆಗಿಯ ದತ್ತಿಯ ನೆರವಿನಿಂದ 1913ರವರೆಗೆ ಅಲ್ಲಿದ್ದನು. ವಿಕಿರಣವನ್ನು ಸೂಕ್ಷ್ಮವಾಗಿ ಅಳೆಯುವ ಕೌಶಲವನ್ನು ಈ ಆರು ವರ್ಷಗಳಲ್ಲಿ ಬೆಳೆಸಿಕೊಂಡನು. ಸ್ವದೇಶಕ್ಕೆ ಮರಳಿ ಹಾರ್ವರ್ಡ್ ಸೇರಿದ ಮೇಲೆ 1915ರಲ್ಲಿ ಫ್ರ್ಯಾಂಕ್ಲಿನ್ ಹಂಟ್ ಎಂಬುವನೊಡನೆ ಒಂದು ನಿಯಮವನ್ನು ಪ್ರಕಟಿಸಿದನು. ಕೊಳವೆಗೆ ಕೊಡುವ ವೋಲ್ಟೇಜು ಎಷ್ಟು ಹೆಚ್ಚೋ, ಹೊರಡುವ ಕ್ಷ-ಕಿರಣಗಳ ಕನಿಷ್ಠ ತರಂಗದೂರ ಅಷ್ಟು ಕಡಿಮೆ. ಇವೆರಡರ ಗುಣಲಬ್ಧ ಸ್ಥಿರ ಎಂಬುದು ಅದರ ಸಾರ. ಎದೆಯ ಚಿತ್ರಕ್ಕೆ ಒಂದು ವೋಲ್ಟೇಜು, ಬೆರಳಿನ ಚಿತ್ರಕ್ಕೆ ಇನ್ನೊಂದು ಎಂದು ಆಸ್ಪತ್ರೆಯ ತಂತ್ರಜ್ಞನು ಇಂದು ಆರಿಸುವಾಗ ಆ ಆಯ್ಕೆಯ ಹಿಂದೆ ಈ ಭೌತನಿಯಮವಿದೆ. ಶೋಧವು ಹಾರ್ವರ್ಡ್‌ನದು, ಪ್ಯಾರಿಸ್ಸಿನದಲ್ಲ. ಕಾರ್ನೆಗಿಯ ಹಣದಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿ. ಶೋಧಕನನ್ನು ಪಳಗಿಸಿದ ವರ್ಷಗಳಿಗೆ ಆ ಹಣ ಸಂದಿತೆಂದು ಹೇಳಿದರೆ ಸಾಕು.

3

1914ರಲ್ಲಿ ಯುದ್ಧ ಆರಂಭವಾಯಿತು. ಗುಂಡು ದೇಹದೊಳಗೆ ಎಲ್ಲಿದೆ ಎಂದು ತಿಳಿಯದೆ ಶಸ್ತ್ರವೈದ್ಯನು ಗಾಯವನ್ನು ಕೆದಕುತ್ತಿದ್ದ ಕಾಲವದು. ಫ್ರಾನ್ಸಿನ ಸೈನ್ಯದಲ್ಲಿ ಕ್ಷ-ಕಿರಣ ಸಲಕರಣೆಗಳು ತೀರ ವಿರಳವಾಗಿದ್ದವು. ಮೇರಿ ಕ್ಯೂರಿ ಪ್ರಯೋಗಶಾಲೆಗಳಲ್ಲಿಯೂ ತಯಾರಕರಲ್ಲಿಯೂ ಇದ್ದ ಉಪಕರಣಗಳ ಪಟ್ಟಿ ಮಾಡಿ ಅವುಗಳನ್ನು ಒಟ್ಟುಗೂಡಿಸಿದಳು. ಫ್ರಾನ್ಸಿನ ಮಹಿಳಾ ಒಕ್ಕೂಟದ ಹಣದಿಂದ ಮೊದಲ ಕ್ಷ-ಕಿರಣ ಮೋಟಾರು ಗಾಡಿ ಸಿದ್ಧವಾಯಿತು. ಗಾಡಿಯ ಎಂಜಿನ್ನಿನಿಂದಲೇ ಡೈನಮೋ ತಿರುಗಿ ವಿದ್ಯುತ್ತನ್ನು ಒದಗಿಸುತ್ತಿತ್ತು. ಸಿರಿವಂತ ಮಹಿಳೆಯರು ತಮ್ಮ ಕಾರುಗಳನ್ನು ಕೊಟ್ಟರು. ಇಂತಹ ಸುಮಾರು 20 ಗಾಡಿಗಳೂ 200 ಸ್ಥಿರ ಕೇಂದ್ರಗಳೂ ಆಕೆಯ ಯತ್ನದಿಂದ ಸಜ್ಜಾದವು. ಅವುಗಳಲ್ಲಿ ಪರೀಕ್ಷಿಸಲ್ಪಟ್ಟ ಗಾಯಾಳುಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು.

ಆದರೆ ಗಾಡಿ ತಾನಾಗಿ ಚಿತ್ರ ತೆಗೆಯುವುದಿಲ್ಲ. ಒಂದು ಚಿತ್ರದಲ್ಲಿ ಗುಂಡಿನ ನೆರಳು ಕಂಡರೂ ಅದು ಎಷ್ಟು ಆಳದಲ್ಲಿದೆ ಎಂಬುದು ತಿಳಿಯದು; ಕೊಳವೆಯನ್ನು ಸ್ವಲ್ಪ ಸರಿಸಿ ಎರಡನೆಯ ನೆರಳನ್ನು ಪಡೆದು, ಸಮರೂಪ ತ್ರಿಭುಜಗಳ ಲೆಕ್ಕದಿಂದ ಆಳವನ್ನು ಕಂಡುಕೊಳ್ಳಬೇಕು. ಇದನ್ನು ಬಲ್ಲವರು ಬೇಕಾಗಿತ್ತು. ಯುದ್ಧ ಆರಂಭವಾದಾಗ ಹದಿನೇಳು ತುಂಬದ ಮಗಳು ಐರೀನ್ ತಾಯಿಯೊಡನೆ ಕಲಿತು, ರಣರಂಗದ ಸಮೀಪದ ಆಸ್ಪತ್ರೆಗಳಲ್ಲಿ ತಾನೇ ಚಿತ್ರ ತೆಗೆಯುವ ಹೊಣೆ ಹೊತ್ತಳು. 1916ರಿಂದ ರೇಡಿಯಂ ಸಂಸ್ಥೆಯಲ್ಲಿ ಸುಮಾರು 150 ಮಹಿಳೆಯರಿಗೆ ಈ ವಿದ್ಯೆಯಲ್ಲಿ ಶಿಕ್ಷಣ ಕೊಡಲಾಯಿತು. ಸಲಕರಣೆಯ ದಾನಕ್ಕೆ ಮನುಷ್ಯರ ಶಿಕ್ಷಣ ಜೊತೆಗೂಡದಿದ್ದರೆ ಆ ಗಾಡಿಗಳು ಕೊಟ್ಟಿಗೆಯಲ್ಲಿ ನಿಲ್ಲಬೇಕಾಗಿತ್ತು.

ಯುದ್ಧಾನಂತರದ ದಾನ ಸರ್ವವಿದಿತವಾದದ್ದು. ಮೇರಿ ಮೆಲೋನಿ ಎಂಬ ಪತ್ರಿಕಾ ಸಂಪಾದಕಿಯ ಕರೆಗೆ ಓಗೊಟ್ಟು ಅಮೆರಿಕದ ಮಹಿಳೆಯರು ಒಂದು ಲಕ್ಷ ಡಾಲರುಗಳನ್ನು ಕೂಡಿಸಿ ಒಂದು ಗ್ರಾಂ ರೇಡಿಯಂ ಕೊಂಡರು. 1921ರ ಮೇ 20ರಂದು ಅಧ್ಯಕ್ಷ ಹಾರ್ಡಿಂಗ್ ಶ್ವೇತಭವನದಲ್ಲಿ ಅದನ್ನು ಅರ್ಪಿಸಿದನು. ಹಿಂದಿನ ಸಂಜೆ ದಾನಪತ್ರವನ್ನು ಓದಿದ ಮೇರಿ ಕ್ಯೂರಿ, ರೇಡಿಯಂ ತನಗಲ್ಲ, ಪ್ರಯೋಗಶಾಲೆಗೆ ಸೇರತಕ್ಕದ್ದು ಎಂದು ಬರೆಯಿಸಿದ ಹೊರತು ಒಪ್ಪಲಿಲ್ಲ. ತನ್ನ ತರುವಾಯ ಅದು ಕುಟುಂಬದ ಆಸ್ತಿಯಾಗಬಾರದೆಂಬುದು ಆಕೆಯ ಹಟ. 600 ರೂಬಲ್‌ಗಳನ್ನು ಹಿಂದಿರುಗಿಸಿದ ಬುದ್ಧಿಯೇ ಇಲ್ಲಿಯೂ ಕೆಲಸಮಾಡಿದೆ.

4

ಈ ದಾನಗಳನ್ನು ಹೋಲಿಸಿದರೆ, ರೇಡಿಯಂನ ಅರ್ಪಣೆ ಛಾಯಾಚಿತ್ರಗಳಲ್ಲಿ ಉಳಿದಿದೆ, ಗಾಡಿಗಳು ಪಠ್ಯಪುಸ್ತಕಗಳಲ್ಲಿ ಉಳಿದಿವೆ, ವಿದ್ಯಾರ್ಥಿವೇತನವು ಜೀವನಚರಿತ್ರೆಯ ಒಂದೆರಡು ಪುಟಗಳಲ್ಲಿ ಮಾತ್ರ ಉಳಿದಿದೆ. ಇದು ಸ್ವಾಭಾವಿಕ. ಯಂತ್ರದ ಮೇಲೆ ದಾನಿಯ ಹೆಸರನ್ನು ಕೆತ್ತಬಹುದು. ತರುಣನೊಬ್ಬನು ನಿಶ್ಚಿಂತೆಯಿಂದ ಕಳೆದ ವರ್ಷದ ಮೇಲೆ ಏನನ್ನು ಕೆತ್ತುವುದು? ಹಾಗೆಂದು ವಸ್ತುದಾನವನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. 1934ರ ಜನವರಿಯಲ್ಲಿ ಐರೀನ್ ಮತ್ತು ಆಕೆಯ ಪತಿ ಫ್ರೆಡರಿಕ್ ಜೋಲಿಯೊ ಅಲ್ಯೂಮಿನಿಯಂ ಹಾಳೆಯ ಮೇಲೆ ಪೊಲೋನಿಯಂನ ಆಲ್ಫಾ ಕಣಗಳನ್ನು ಹಾಯಿಸಿ ಕೃತಕ ವಿಕಿರಣಶೀಲ ರಂಜಕವನ್ನು ಪಡೆದರು. ಪ್ರಯೋಗಶಾಲೆಯು ವರ್ಷಾನುಗಟ್ಟಲೆ ಸಂಗ್ರಹಿಸಿದ್ದ ಪೊಲೋನಿಯಂ ಇಲ್ಲದೆ ಆ ಪ್ರಯೋಗ ನಡೆಯುವಂತಿರಲಿಲ್ಲ. ಆ ರಂಜಕವು ಪಾಸಿಟ್ರಾನ್ ಎಂಬ ಕಣಗಳನ್ನು ಹೊರಸೂಸಿ ಕೆಲವೇ ನಿಮಿಷಗಳಲ್ಲಿ ಕ್ಷಯಿಸುತ್ತಿತ್ತು. ಇಂದು ಅರ್ಬುದವನ್ನು ಗುರುತಿಸುವ ಪಿ.ಇ.ಟಿ. ಚಿತ್ರಣವು ಇದೇ ಜಾತಿಯ ಕೃತಕ ಧಾತುಗಳನ್ನು ಅವಲಂಬಿಸಿದೆ. 1935ರ ನೊಬೆಲ್ ಬಹುಮಾನ ಈ ದಂಪತಿಗಳಿಗೆ ಬಂದಿತು. ವಸ್ತುವೂ ಬೇಕು, ಆದರೆ ಅದನ್ನು ಹಿಡಿಯುವ ಕೈ ಮೊದಲು ಬೇಕು. ಐರೀನಳ ಕೈ ಪಳಗಿದ್ದು ಯುದ್ಧಕಾಲದ ಗಾಯಾಳುಗಳ ಮಧ್ಯೆ.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ದಾನವು ಇವರಿಗೆ ಕಾಲವನ್ನು ಕೊಟ್ಟಿತು, ರಕ್ಷಣೆಯನ್ನು ಕೊಡಲಿಲ್ಲ. ತಾಯಿ 1934ರ ಜುಲೈ 4ರಂದು, ಮಗಳು 1956ರಲ್ಲಿ, ಇಬ್ಬರೂ ರಕ್ತಸಂಬಂಧವಾದ ವ್ಯಾಧಿಗಳಿಂದ ತೀರಿಕೊಂಡರು. ವಿಕಿರಣದೊಡನೆ ಕಳೆದ ಬಾಳಿನ ಫಲವದು.

ತರುವಾಯದ ಕಾಲದಲ್ಲಿ ತರುಣರ ಆರಂಭದ ವರ್ಷಗಳನ್ನೇ ಗುರಿಯಾಗಿಟ್ಟ ಧರ್ಮದತ್ತಿಗಳು ಹುಟ್ಟಿದವು. ಅಮೆರಿಕದ ಉದ್ಯಮಿ ಅಂಕಸ್ ವಿಟೇಕರ್ 1975ರಲ್ಲಿ ಮೃತನಾದಾಗ ಬಿಟ್ಟುಹೋದ ಆಸ್ತಿಯಿಂದ ಸ್ಥಾಪಿತವಾದ ಪ್ರತಿಷ್ಠಾನವು ವೈದ್ಯಕೀಯ ಎಂಜಿನಿಯರಿಂಗಿನ ಕಿರಿಯ ಸಂಶೋಧಕರಿಗೆ ನೆರವಿತ್ತು, ಮೂಲಧನವನ್ನೂ ಉಳಿಸಿಕೊಳ್ಳದೆ ವ್ಯಯಿಸಿ, 2006ರಲ್ಲಿ ಬಾಗಿಲು ಮುಚ್ಚಿತು. ಉತ್ತರ ಅಮೆರಿಕದ ವಿಕಿರಣವೈದ್ಯರ ಸಂಘವು 1984ರಲ್ಲಿ ಸಂಶೋಧನೆಗೂ ಶಿಕ್ಷಣಕ್ಕೂ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿತು. ವಾರ್ಸಾದ ಆ ಸಣ್ಣ ನಿಧಿಯು ಹಿಡಿದ ದಾರಿಯನ್ನೇ ಇವು ದೊಡ್ಡ ಪ್ರಮಾಣದಲ್ಲಿ ಹಿಡಿದಂತಾಯಿತು.

ಇಷ್ಟರಿಂದ ನಾವು ಕೈಗೊಳ್ಳಬಹುದಾದ ತೀರ್ಮಾನ ಹೀಗಿದೆ: ಹೆಸರು ಬಂದ ಮೇಲೆ ದೊರೆತ ಲಕ್ಷ ಡಾಲರುಗಳಷ್ಟೇ, ಹೆಸರಿಲ್ಲದಾಗ ದೊರೆತ 600 ರೂಬಲ್‌ಗಳೂ ಚರಿತ್ರೆಯ ದಾಖಲೆಗೆ ಅರ್ಹ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅವಕಾಶವೇ ಬರುತ್ತಿರಲಿಲ್ಲ. ಕಾಲೇಜುಗಳ ವಾರ್ಷಿಕ ವರದಿಗಳಲ್ಲಿ, ದತ್ತಿಗಳ ಲೆಕ್ಕಪುಸ್ತಕಗಳಲ್ಲಿ, ವಿದ್ಯಾರ್ಥಿನಿಲಯಗಳ ಕಡತಗಳಲ್ಲಿ ಇಂತಹ ಸಣ್ಣ ಮೊತ್ತಗಳು ನಮೂದಾಗಿರುತ್ತವೆ. ಅವುಗಳನ್ನು ಪಡೆದವರ ಮುಂದಿನ ಬಾಳನ್ನು ಹಿಡಿದು ನೋಡುವ ಕೆಲಸವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಗೊಂಡರೆ ವಿದ್ಯೆಯ ಇತಿಹಾಸದ ಅನೇಕ ಖಾಲಿ ಪುಟಗಳು ತುಂಬಬಹುದೆಂದು ನಾವು ನಂಬುತ್ತೇವೆ.